ಹೆತ್ತ ತಂದೆಯ ಸಹಿ

ಫೆಬ್ರವರಿ 4, ಬೆಳಿಗ್ಗೆ 10
ಎರಡು ಜೋಡಿ ಲೆನ್ಸ್ ಉಜ್ಜಿ ಮುಗಿಸಿದೆ. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಪೋಸ್ಟ್‌ಮ್ಯಾನ್. ಕೋರ್ಟಿನ ಕಾಗದ. ಬೆಣ್ಣೆ ನನ್ನ ಮಗಳನ್ನು ದತ್ತು ತೆಗೆದುಕೊಳ್ಳುತ್ತಾನಂತೆ. ನನ್ನ ಒಪ್ಪಿಗೆ ಬೇಕಂತೆ.

ಬೆಣ್ಣೆ — ನಾನೇ ಇಟ್ಟ ಹೆಸರು. ಅಷ್ಟು ನಯವಾದ ಮಾತು. ಈ ಕನ್ನಡಕದ ಅಂಗಡಿಯಲ್ಲಿ ಅವನಿಗೆ ಅರ್ಧ ಪಾಲು ಕೊಟ್ಟಿದ್ದೆ. ಮನೆಯಲ್ಲಿ ಕೊಟ್ಟಿರಲಿಲ್ಲ, ತಾನೇ ತೆಗೆದುಕೊಂಡ. ಮೊದಲು ಹೆಂಡತಿ. ಈಗ ಮಗಳು.

ಬಾ ಮಗನೇ. ಮೂರು ವರ್ಷ ಕಾದಿದ್ದೇನೆ.

ಫೆಬ್ರವರಿ 6
ವಕೀಲರ ಹತ್ತಿರ ಹೋಗಿದ್ದೆ. ದತ್ತು ಎಂದರೆ ಒಂದೇ ದಾರಿ ಎಂದುಕೊಂಡಿದ್ದೆ. ಅವರು ಬೆರಳು ಮಡಚಿದರು.

"ಅನಾಥ ಮಗು ಆದ್ರೆ ಸಂಸ್ಥೆಯಿಂದ, ಸರದಿ ಕಾಯಬೇಕು. ನೆಂಟರ ಮಗು ಆದ್ರೆ ಮನೆಯೊಳಗೇ ಮಾತುಕತೆ. ಕೆಲವರು ಸ್ವಲ್ಪ ಕಾಲ ಸಾಕೋಕೆ ಅಂತ ತಂದು ಆಮೇಲೆ ದತ್ತು ಮಾಡ್ಕೊಳ್ತಾರೆ. ಇದು ಮಲತಂದೆ ದತ್ತು. ಹೆತ್ತ ತಂದೆ ಸಹಿ ಹಾಕಿದ್ರೆ ಎಲ್ಲಕ್ಕಿಂತ ಸುಲಭ."

"ಹಾಕದಿದ್ರೆ?"

"ಎಲ್ಲಕ್ಕಿಂತ ಕಷ್ಟ."

ಹಾಲು ಕುಡಿದಷ್ಟು ಸಂತೋಷ.

ಮಗಳು ಎಷ್ಟನೇ ಕ್ಲಾಸು ಎಂದರು. ನಾಲ್ಕು ಎಂದೆ. ಅವರು ಕಾಗದ ನೋಡಿದರು. ಆರು.

ಫೆಬ್ರವರಿ 19, ಮಧ್ಯಾಹ್ನ
ಅವಳು ಅಂಗಡಿಗೆ ಬಂದಿದ್ದಳು, ಹಳೆಯ ಹೆಂಡತಿ. ಕೂರು ಎನ್ನಲಿಲ್ಲ.

"ಹೋದ ವರ್ಷ ಮಗೂಗೆ ಅಪೆಂಡಿಕ್ಸ್. ನಾನು ಊರಲ್ಲಿ ಇರಲಿಲ್ಲ. ಆಪರೇಷನ್ ಫಾರಂಗೆ ಇವರ ಸಹಿ ನಡೆಯಲ್ಲ ಅಂದ್ರು, ಅಪ್ಪ ಅಲ್ಲವಲ್ಲ. ನಾನು ಬರೋ ತನಕ ಅದು ನೋವಲ್ಲಿ ಬಿದ್ದಿತ್ತು."

"ನನಗೆ ಫೋನ್ ಮಾಡಬೇಕಿತ್ತು."

"ಮಾಡಿದ್ದೆ. ಹದಿನಾರು ಸಲ."

ಬ್ಲಾಕ್ ಮಾಡಿದ್ದು ಅವಳನ್ನು, ಮಗಳನ್ನಲ್ಲ... ಹಾಗೆಂದು ಹೇಳಬೇಕಿತ್ತು. ಸಹಿ ಹಾಕಲ್ಲ ಎಂದಷ್ಟೇ ಹೇಳಿದೆ.

ಮಾರ್ಚ್ 28
ಕೋರ್ಟು. ಜಡ್ಜ್ ಕೇಳಿದರು. ಒಪ್ಪಿಗೆ ಇಲ್ಲ ಎಂದೆ. ಅರ್ಜಿ ಬಿದ್ದುಹೋಯಿತು. ಬೆಣ್ಣೆ ಇಂಗು ತಿಂದ ಮಂಗನಂತೆ ನಿಂತಿದ್ದ. ಕಣ್ತುಂಬ ನೋಡಿದೆ.

ಮಗಳು ನನ್ನ ಜೊತೆ ಇರಲೆಂದು ಭಾನುವಾರಗಳನ್ನೂ ಕೇಳಿ ಪಡೆದೆ. ಮಗಳ ಮೇಲಿನ ಪ್ರೀತಿಗೆ ಎಂದು ಹೇಳಿದೆ. ನಿಜವಾಗಿ, ಅವನ ಭಾನುವಾರ ಹಾಳಾಗಲಿ ಎಂದು. ಇಲ್ಲೂ ಯಾಕೆ ಸುಳ್ಳು ಬರೆಯಲಿ.

ಏಪ್ರಿಲ್ 20, ಭಾನುವಾರ
ಇದು ಮೂರನೆಯದು. ಅಂಗಡಿಯ ಮೇಲಿನ ನನ್ನ ಮನೆಗೆ ಬಂದರೂ ಶೂ ಬಿಚ್ಚುವುದಿಲ್ಲ. ಬಾಗಿಲ ಬಳಿಯ ಸ್ಟೂಲ್ ಮೇಲೆ ಕೂರುತ್ತಾಳೆ. ಕನ್ನಡಕ ಬಂದಿದೆ. ಯಾವಾಗಿನಿಂದ ಎಂದು ಕೇಳಲು ನಾಚಿಕೆ. ಕೊಡು ನೋಡೋಣ ಎಂದೆ. ತಪ್ಪು ಹುಡುಕಲೆಂದೇ ಮನೆಯಲ್ಲಿರುವ ಪವರ್ ಅಳೆಯುವ ಮೆಷಿನ್‌ಗೆ ಇಟ್ಟೆ. ಪವರ್ ಸರಿ. ಕಿವಿಯ ಹಿಂದಿನ ಬಾಗು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಬೆಣ್ಣೆಯ ಕೆಲಸ.

"ನೋಡಿ ಆಯ್ತಾ? ಕೊಡಿ. ನೀವು ಐದಕ್ಕೆ ಬಿಡ್ತೀರಲ್ಲ? ಅಪ್ಪ ಕೆಳಗೆ ಕಾಯ್ತಿರ್ತಾನೆ."

ನನಗೆ ನೀವು. ಅವನಿಗೆ ಏಕವಚನ.

ಏಪ್ರಿಲ್ 22
ವಕೀಲರಿಗೆ ಫೋನ್. ಬೇಡ ಅಂದವನು ಮತ್ತೆ ಒಪ್ಪಬಹುದಾ ಎಂದೆ.

"ಒಪ್ಪಬಹುದು. ಆದ್ರೆ ಆಮೇಲೆ ನೀವು ಅವಳಿಗೆ ಯಾರೂ ಅಲ್ಲ."

ಈಗ ಯಾರು ಎಂದು ಕೇಳಲಿಲ್ಲ.

ಏಪ್ರಿಲ್ 26, ಸಂಜೆ 7
ಫಾರಂ ಬಂದಿದೆ. ಒಂದೇ ಹಾಳೆ. ಪೆನ್ನು ಎತ್ತಿದರೆ ಬೆಣ್ಣೆಯ ಮುಖ, ನಗುವ ಮುಖ. ಅದೊಂದನ್ನು ಸಹಿಸಲಾರೆ. ಪೆನ್ನು ಇಟ್ಟೆ. ಇನ್ನೂ ಏಳು ವರ್ಷದ ಭಾನುವಾರಗಳು ನನ್ನ ಕೈಯಲ್ಲಿವೆ. ಒಂದೊಂದಕ್ಕೂ ಅವನು ಕೆಳಗೆ ಕಾಯಬೇಕು. ಇದಕ್ಕಿಂತ ದೊಡ್ಡ ಶಿಕ್ಷೆ ಅವನಿಗೆ ಕೊಡಲಾರೆ.

ಆದರೆ ಸ್ಟೂಲ್ ಮೇಲೆ ಕೂರುವವನು ಅವನಲ್ಲ, ಮಗಳು. ಫಾರಂ ಮತ್ತೆ ಹತ್ತಿರ ಎಳೆದುಕೊಂಡೆ —