ಹಿಂದಿನ ಬ್ರೇಕು

ಗುಡ್ಡದ ಕೆಳಗಿನ ಲಾಡ್ಜು,
ಗುರುವಾರ ಬೆಳಿಗ್ಗೆ

ನನ್ನ ಪ್ರೀತಿಯ ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕಾಗದ ಇದು, ತಪ್ಪಿದ್ದರೆ ತಿದ್ದಿಕೊಂಡು ಓದು. ಎದುರಿಗೆ ನಿಂತರೆ ನನಗೆ ಬಾಯಿ ಬರುವುದಿಲ್ಲ ಅಂತ ನಿನಗೆ ಗೊತ್ತೇ ಇದೆ.

ಚಿಕ್ಕಪ್ಪ ಸೈಕಲ್ ಶಾಪಿಗೆ ಒಂದು ವಾರ ಬಾಗಿಲು ಹಾಕಿದಾಗ ಕೆರೆ ನೋಡಿ ಬರುತ್ತೇನೆ ಅಂದಿದ್ದೆ. ಕೆರೆಗೆ ಹೋಗಲಿಲ್ಲ. ಇನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂದೆಯಲ್ಲ ನಿನ್ನ ರೇಸ್ ಸೈಕಲ್ಲು, ಅದನ್ನು ಕೊನೆಯ ಸಲ ಓಡಿಸುತ್ತೇನೆ ಅಂತ ಕೇಳಿ ತಂದವಳು ನೇರ ನಿನ್ನ ಗುಡ್ಡಕ್ಕೇ ಬಂದೆ. ಎರಡು ವರ್ಷದ ಹಿಂದೆ, ನಿಮಿಷಕ್ಕೊಬ್ಬರಂತೆ ಬಿಟ್ಟು ಗಡಿಯಾರ ಹಿಡಿಯುವ ಆ ಟೈಮ್ ಟ್ರಯಲ್‌ನಲ್ಲಿ, ನೀನು ಹನ್ನೊಂದು ಸೆಕೆಂಡಿಗೆ ಸೋತ ದಾರಿ.

ದಾರಿ ಹಾಗೇ ಇದೆ. ಸೇತುವೆಯಿಂದ ನೀರಿನ ಟ್ಯಾಂಕಿನವರೆಗೆ ಬರೀ ಏರು. ಎಷ್ಟು ತುಳಿದರೂ ಸಾಕು ಅನ್ನುವುದಿಲ್ಲ ಅಂತ ಮೂರನೇ ತಿರುವಿಗೆ ನೀನು ‘ಅತ್ತೆ’ ಅಂತ ಹೆಸರಿಟ್ಟಿದ್ದೆ. ಆ ಅತ್ತೆ ನನ್ನನ್ನೂ ಬಿಡಲಿಲ್ಲ. ಸೋಮವಾರ ಮೇಲೆ ಮುಟ್ಟಿದಾಗ ನನ್ನ ಕೈಗಡಿಯಾರದಲ್ಲಿ ಮೂವತ್ತೊಂಬತ್ತು ನಿಮಿಷ. ಏದುಸಿರು ಬಿಡುತ್ತಾ ವಾಪಸ್ ಬಂದವಳನ್ನು ನೋಡಿ ಲಾಡ್ಜಿನ ಅಮ್ಮ, "ರಜಾ ಅಂದ್ರೆ ಕಾಲು ಚಾಚೋದು ಕಣೇ, ಕಾಲು ಮುರ್ಕೊಳ್ಳೋದಲ್ಲ" ಅಂದರು.

ಮಂಗಳವಾರ ಹೊರಡುವ ಮೊದಲು ಹಿಂದಿನ ಬ್ರೇಕಿನ ನಟ್ಟನ್ನು ಎರಡು ಸುತ್ತು ಸಡಿಲ ಮಾಡಿದೆ. ಮೂವತ್ತೇಳೂವರೆ ನಿಮಿಷ. "ನಿನ್ನೆಗಿಂತ ಬೇಗ ಬಂದ್ಯಲ್ಲೇ, ಗುಡ್ಡ ಕುಳ್ಳಗಾಯ್ತಾ?" ಅಂತ ಆ ಅಮ್ಮ ನಕ್ಕರು. ನನಗೆ ನಗು ಬರಲಿಲ್ಲ. ಒಂದು ದಿನ ನೋಡಿ ನಂಬಬಾರದು ಅಂತ ನಿನ್ನೆ ನಟ್ಟನ್ನು ಮತ್ತೆ ಬಿಗಿ ಮಾಡಿ ಹತ್ತಿದೆ. ಮತ್ತೆ ಮೂವತ್ತೊಂಬತ್ತು.

ಈಗ ಹೇಳುತ್ತೇನೆ. ಸ್ಪರ್ಧೆಯ ಹಿಂದಿನ ಸಂಜೆ ಸೈಕಲ್ ಒರೆಸಿ ಇಡು ಅಂತ ನನಗೆ ಕೊಟ್ಟಿದ್ದೆ. ಆಗ ಆ ನಟ್ಟು ಬಿಗಿ ಮಾಡಿದವಳು ನಾನು. ಇಳಿಜಾರಿನಲ್ಲಿ ನೀನು ಎಲ್ಲಿ ಬಿದ್ದುಬಿಡುತ್ತೀಯೋ ಅಂತ ಹೆದರಿಕೆ ಇತ್ತು. ಬೆಳಿಗ್ಗೆ ನೀನು ಚಕ್ರ ಎತ್ತಿ ತಿರುಗಿಸಿ ನೋಡಿದೆ, ಸಲೀಸಾಗಿಯೇ ತಿರುಗಿತು. ಆದರೆ ಎದ್ದು ನಿಂತು ತುಳಿದರೆ ಚಕ್ರ ಕೂದಲೆಳೆಯಷ್ಟು ವಾಲುತ್ತದೆ, ಬ್ರೇಕಿನ ರಬ್ಬರ್ ರಿಮ್ಮಿಗೆ ಸವರುತ್ತದೆ. ನಿನ್ನ ಉಸಿರಿನ ಸದ್ದಿನಲ್ಲಿ ಅದು ಎಲ್ಲಿ ಕೇಳಬೇಕು!

ಅವತ್ತು ನೀನು ಮನೆಗೆ ಬಂದು, "ನನ್ನ ಕಾಲು ಮುಗೀತು ಕಣೇ" ಅಂತ ಒಂದೇ ಮಾತು ಹೇಳಿ ಸೈಕಲ್ಲನ್ನು ಶಾಪಿನ ಕೊಕ್ಕೆಗೆ ನೇತುಹಾಕಿದೆ. ಆಮೇಲೆ ಲಾಂಡ್ರಿ ಕೆಲಸಕ್ಕೆ ಸೇರಿದೆ. ಎರಡು ವರ್ಷ ಆ ಕೊಕ್ಕೆಯ ಕೆಳಗೇ ಕೂತು ನಾನು ಪಂಕ್ಚರ್ ಹಾಕಿದ್ದೇನೆ. ಒಂದು ದಿನವೂ ತಲೆ ಎತ್ತಿ ನೋಡಲಿಲ್ಲ.

ನಿನ್ನ ಕಾಲು ಮುಗಿದಿರಲಿಲ್ಲ ಅಕ್ಕ. ನಾನು ಹತ್ತಿದಾಗಲೇ ಆ ಬ್ರೇಕು ಒಂದೂವರೆ ನಿಮಿಷ ತಿಂದಿತು. ನೀನು ಸೋತದ್ದು ಬರೀ ಹನ್ನೊಂದು ಸೆಕೆಂಡಿಗೆ. ಮುಂದಿನ ತಿಂಗಳು ಇಲ್ಲಿ ಮತ್ತೆ ಸ್ಪರ್ಧೆ ಇದೆ, ಸೇತುವೆಯ ಕಂಬಕ್ಕೆ ಚೀಟಿ ಅಂಟಿಸಿದ್ದಾರೆ. ಹೆಸರು ಕೊಡಲು ಇನ್ನೂ ಹದಿನೈದು ದಿನ ಇದೆ. ಸೈಕಲ್ಲನ್ನು ಯಾರಿಗೂ ಕೊಡಬೇಡ.

ಸೋಮವಾರ ಬರುತ್ತೇನೆ. ಬೈಯುವುದಿದ್ದರೆ ಬೈದುಬಿಡು, ಮಾತು ಮಾತ್ರ ಬಿಡಬೇಡ.

ನೀನೇ ಹೆಸರಿಟ್ಟ,
ಪಂಕ್ಚರ್

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ಇಳಿಜಾರಿಗೆ ಹೆದರಿದೆ ಅಂತ ಬರೆದದ್ದು ಸುಳ್ಳು. ಸ್ಪರ್ಧೆ ಟ್ಯಾಂಕಿನ ಹತ್ತಿರವೇ ಮುಗಿಯುತ್ತದೆ, ಎಲ್ಲರನ್ನೂ ವ್ಯಾನಿನಲ್ಲಿ ಕೆಳಗಿಳಿಸುತ್ತಾರೆ. ಅದು ನನಗೆ ಆಗಲೂ ಗೊತ್ತಿತ್ತು. ಗೆದ್ದರೆ ನೀನು ತರಬೇತಿಗೆ ಅಂತ ವರ್ಷಗಟ್ಟಲೆ ದೂರ ಹೋಗುತ್ತಿದ್ದೆ. ಚಿಕ್ಕಪ್ಪನ ಮನೆಯ ಆ ಕೋಣೆಯಲ್ಲಿ ನಾನೊಬ್ಬಳೇ ಉಳಿಯಬೇಕಿತ್ತು. ಈಗ ನಟ್ಟನ್ನು ಮತ್ತೆ ಸಡಿಲ ಮಾಡಿಟ್ಟಿದ್ದೇನೆ. ಆದರೂ ಸ್ಪರ್ಧೆಯ ದಿನ ನನ್ನನ್ನು ನಂಬಬೇಡ, ಹೊರಡುವ ಮೊದಲು ನೀನೇ ಮುಟ್ಟಿ ನೋಡಿಕೋ.