ಪುಟ ನಲವತ್ತೊಂದರ ಕಲ್ಲನ್ನು ಮಿರಗಕ್ಕೆ ಮೊದಲು ಕೆಳಗಿಳಿಸಿ

ಮಾನ್ಯರೇ,

ನಮ್ಮ ರಾಜ್ಯದ ನೋಡತಕ್ಕ ಸ್ಥಳಗಳ ಕೈಪಿಡಿ ಹೊರತಂದ ಕಚೇರಿಯ ಮೇಲಧಿಕಾರಿಗಳು ತಾವು. ಆ ಪುಸ್ತಕದ ನಲವತ್ತೊಂದನೆಯ ಪುಟದಲ್ಲಿ ನಮ್ಮೂರಿನ ಒಂದು ಕಲ್ಲಿನ ಚಿತ್ರವಿದೆ. ಆ ಕಲ್ಲನ್ನು ತಾವು ಐದೂವರೆ ಅಡಿ ಮೇಲಕ್ಕೆ ಎತ್ತಿ ಇಟ್ಟಿದ್ದರಿಂದ ಹೋದ ವರ್ಷ ಇಲ್ಲಿ ಒಬ್ಬ ಸತ್ತ. ಈ ವರ್ಷ ಎಷ್ಟು ಮಂದಿಯೋ ಗೊತ್ತಿಲ್ಲ. ಮಿರಗದ, ಅಂದರೆ ಮೃಗಶಿರದ, ಮಳೆ ಕೂಡಲು ಇನ್ನು ಹತ್ತೊಂಬತ್ತು ದಿನ. ಲಕೋಟೆಯಲ್ಲಿ ಹಾಕಿ ಕಳಿಸಿದ ನನ್ನ ನಾಲ್ಕು ಪತ್ರಗಳಲ್ಲಿ ಮೂರು ತಮ್ಮ ಟಪಾಲಿನಲ್ಲಿ ಸುಖವಾಗಿ ನಿದ್ದೆ ಮಾಡುತ್ತಿವೆ. ಒಂದಕ್ಕೆ ಉತ್ತರ ಬಂತು. ಅದರ ಸೊಗಸನ್ನು ಮುಂದೆ ಹೇಳುತ್ತೇನೆ. ಹಾಗಾಗಿ ಐದನೆಯದನ್ನು ಎಲ್ಲರೂ ಓದಲಿ ಎಂದು ಬಯಲಿಗೆ ಇಡುತ್ತಿದ್ದೇನೆ.

ಕೈಪಿಡಿ ಚೆಂದವಾಗಿದೆ, ಸುಳ್ಳು ಹೇಳಬಾರದು. ಈ ಮೊದಲು ತಮ್ಮ ಪುಸ್ತಕಗಳಲ್ಲಿ ಕರ್ನಾಟಕವೆಂಬುದು ಬೆಳಗಾವಿಯ ಕೋಟೆಗೆ ಮುಗಿದುಹೋಗುತ್ತಿತ್ತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನ ಮಹಾರಾಷ್ಟ್ರದವರೆಂದು ತಾವೂ, ಕರ್ನಾಟಕದವರೆಂದು ಮಹಾರಾಷ್ಟ್ರದ ಅಧಿಕಾರಿಗಳೂ ತಿಳಿದುಕೊಂಡು ಎರಡೂ ಕಡೆಯವರು ನಿಶ್ಚಿಂತರಾಗಿದ್ದಿರಿ. ಈ ಸಲ ಅಥಣಿಯ ಚಪ್ಪಲಿ ಬಂದಿದೆ, ನಿಪ್ಪಾಣಿಯ ತಂಬಾಕಿನ ಪೇಟೆ ಬಂದಿದೆ, ರಾಯಬಾಗದ ಬಸದಿ ಬಂದಿದೆ. ನಮ್ಮ ಕಲ್ಲಿನ ಕೆಳಗೆ ಹೀಗೆ ಬರೆದಿದ್ದೀರಿ: ‘ಶಾಂತ ಕೃಷ್ಣೆಯ ದಡದಲ್ಲಿ ಧ್ಯಾನಸ್ಥ ಮುನಿ. ಭೇಟಿಗೆ ಸೂಕ್ತ ಕಾಲ: ವರ್ಷವಿಡೀ.’ ವರ್ಷವಿಡೀ! ಆಗಸ್ಟಿನಲ್ಲಿ ಬರ್ರಿ ಸಾಹೇಬ್ರ, ಬರೂಮುಂದ ಒಂದು ಬೋಟು ತಗೊಂಡು ಬರ್ರಿ.

ತಮ್ಮ ಪುಸ್ತಕ ಬಿಟ್ಟುಬಿಟ್ಟ ಒಂದು ನೋಟವನ್ನು ನಾನು ತೋರಿಸುತ್ತೇನೆ. ನಮ್ಮ ನದಿದಂಡೆಯ ಊರುಗಳಲ್ಲಿ ಮನೆಗಳ ಗೋಡೆ ನೋಡಿ. 2005 ಎಂದು ಒಂದು ಗೆರೆ, ಅದರ ಮೇಲೆ 2019 ಎಂದು ಇನ್ನೊಂದು. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಮನೆಯವರೇ ಇದ್ದಿಲಿನಿಂದ, ಬಣ್ಣದಿಂದ ಎಳೆದದ್ದು. ಇಲ್ಲಿ ಮಹಾಪೂರಕ್ಕೆ ಮಳೆಯೇ ಬೇಕಿಲ್ಲ. ಮೇಲಿನ ಘಟ್ಟದಲ್ಲಿ ಸುರಿದು, ಅಲ್ಲಿಯ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಸಾಕು. ನಮ್ಮಲ್ಲಿ ಸಂಡಿಗೆ ಒಣಗಹಾಕುವಂಥ ಬಿಸಿಲಿರುವಾಗಲೇ ನದಿ ಸದ್ದಿಲ್ಲದೆ ಮೆಟ್ಟಿಲು ಹತ್ತುತ್ತದೆ. ಆಕಾಶ ನೋಡಿ ಎಚ್ಚರಾಗುವ ಜನ ನಾವಲ್ಲ, ಕಲ್ಲು ನೋಡಿ ಎಚ್ಚರಾಗುವ ಜನ.

ಅದು ನಿಷಿಧಿ ಕಲ್ಲು. ಸಲ್ಲೇಖನ ವ್ರತ ಕೈಗೊಂಡು ದೇಹ ಬಿಟ್ಟ ಒಬ್ಬ ಜೈನ ಮುನಿಯ ನೆನಪಿಗೆ ನದಿಯ ಘಾಟಿನ ತುದಿಯಲ್ಲಿ ನೆಟ್ಟದ್ದು. ಕೆಳಗೆ ಕೈಮುಗಿದು ನಿಂತ ಹೆಣ್ಣುಮಗಳು, ನಡುವೆ ಕೂತ ಮುನಿ, ಮೇಲೆ ಜಿನ. ಇಷ್ಟು ತಮ್ಮ ಪುಸ್ತಕದಲ್ಲಿದೆ. ಅದರಲ್ಲಿಲ್ಲದ ಒಂದು ಮಾತನ್ನು ನಮ್ಮ ಕೆಳಗಿನ ಓಣಿಯ ಮಕ್ಕಳು ಅಆಇಈಗಿಂತ ಮೊದಲು ಕಲಿಯುತ್ತವೆ: “ಪಾದಕ್ಕ ಬಂದ್ರ ದನಾ ಬಿಚ್ಚು, ತೊಡಿಗೆ ಬಂದ್ರ ಮನಿ ಬಿಡು.” ಆ ಹೆಣ್ಣುಮಗಳ ಪಾದ ನೆನೆದರೆ ದನಗಳನ್ನು ಮೇಲಿನ ಊರಿಗೆ ಹೊಡೆಯಬೇಕು. ಮುನಿಯ ತೊಡೆ ನೆನೆದರೆ ಮಂದಿ ಏಳಬೇಕು. ಯಾಕೆಂದರೆ ಓಣಿಯ ಹಿಂದೆ ಒಂದು ಹಳ್ಳವಿದೆ. ತೊಡೆ ನೆನೆದ ಒಂದು ತಾಸಿನೊಳಗೆ ನದಿ ಆ ಹಳ್ಳಕ್ಕೆ ತಿರುಗಿ ನುಗ್ಗಿ ರಸ್ತೆಯನ್ನು ಮುಚ್ಚುತ್ತದೆ. ಓಣಿಯೇನೋ ಒಣಗಿಯೇ ಇರುತ್ತದೆ, ಹೋಗಲು ಮಾತ್ರ ದಾರಿ ಇರುವುದಿಲ್ಲ.

ಇನ್ನು ನನ್ನ ಪಾಪ ಒಪ್ಪಿಕೊಳ್ಳುತ್ತೇನೆ. ಈ ಕಲ್ಲಿನ ಬಗ್ಗೆ ತಮಗೆ ಎಂಟು ಪುಟ ಬರೆದು ಕಳಿಸಿದವಳು ನಾನೇ. ಲಿಪಿ ಎಂಥದು, ಕೆತ್ತನೆ ಎಂಥದು ಎಂದೆಲ್ಲ ಬರೆದು, ‘ವರ್ಷವರ್ಷವೂ ನದಿ ಇದನ್ನು ತಿನ್ನುತ್ತಿದೆ, ದಯಮಾಡಿ ರಕ್ಷಿಸಿ’ ಎಂದು ಅಂಗಲಾಚಿದೆ. ಪಾದದ ಮಾತು, ತೊಡೆಯ ಮಾತು ಬರೆಯಲಿಲ್ಲ. ಅದು ಬಟ್ಟೆ ಒಗೆಯುವ ಹೆಂಗಸರ ಮಾತು, ಇತಿಹಾಸವಲ್ಲ ಎಂದುಕೊಂಡೆ. ಓದಿದವಳೆಂಬ ಸೊಕ್ಕು, ಮತ್ತೇನು? ಮೂವತ್ತೊಂದು ವರ್ಷ ಮಾಸ್ತರಕಿ ಮಾಡಿದೆ. ಶಾಲೆಯ ಸೋರುವ ಮಾಳಿಗೆಗೆಂದು ಬರೆದ ಅರ್ಜಿಗಳು ಒಂದು ಟ್ರಂಕಿನಷ್ಟಾದರೂ ಆಗಬಹುದು. ಸರಕಾರ ನನ್ನ ಮಾತು ಕೇಳಿದ್ದು ಇದೊಂದೇ ಸಲ. ತಮ್ಮವರು ಮೂರು ಕಾಲಿನ ದುರ್ಬೀನು ಇಟ್ಟು ಎಂಟು ದಿನ ಅಳೆದರು, ಕ್ರೇನು ತಂದರು, ಕಲ್ಲನ್ನು ಕಿತ್ತು ಅದೇ ಜಾಗದಲ್ಲಿ ಗ್ರಾನೈಟಿನ ಕಟ್ಟೆ ಕಟ್ಟಿಸಿ ಅದರ ಮೇಲೆ ನಿಲ್ಲಿಸಿದರು. ಸುತ್ತ ಸ್ಟೀಲಿನ ಕಟಕಟೆ, ಬಣ್ಣಬಣ್ಣದ ದೀಪ. ಉದ್ಘಾಟನೆಯ ದಿನ ನಾನೂ ಶಾಲು ಹೊದ್ದು ಫೋಟೋ ತೆಗೆಸಿಕೊಂಡೆ.

ಹೋದ ಆಗಸ್ಟಿನಲ್ಲಿ ಒಂದು ದಿನ ಮುಂಜಾನೆ ಸಪನಾ ಓಡಿಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಚಿಕ್ಕೋಡಿಯ ಕಾಲೇಜಿಗೆ ಹೋಗುವ ಹುಡುಗಿ.

“ಅಕ್ಕೋರ, ಲಗೂನ ಬರ್ರಿ. ನೀರ ಏರಾಕತ್ತೈತಿ, ಆಯಿ ಮನಿ ಬಿಟ್ಟ ಏಳವಲ್ಲಳು.”

ಅವಳ ಆಯಿ, ಅಂದರೆ ಅಜ್ಜಿ, ಕೆಳಗಿನ ಓಣಿಯ ಅಕ್ಕುತಾಯಿ. ಕಬ್ಬಿನ ಹೊಲಗಳಲ್ಲಿ ಕೂಲಿ ಮಾಡಿ ಮಕ್ಕಳನ್ನು ಸಾಕಿದವಳು. 2019ರಲ್ಲಿ ಯಾವ ಅಧಿಕಾರಿಯೂ ಬರುವ ಮೊದಲೇ ಕಲ್ಲು ನೋಡಿ ಇಡೀ ಓಣಿಯನ್ನು ಎಬ್ಬಿಸಿ ಮೇಲೆ ಕಳಿಸಿದವಳು. ಆಕೆ ಮನೆಯಲ್ಲಿ ಬುದ್ಧನ ಫೋಟೋಕ್ಕೆ ಕೈಮುಗಿಯುತ್ತಾಳೆ, ನಾನು ಬಸದಿಗೆ ಹೋಗುತ್ತೇನೆ. ಕಲ್ಲು ಮಾತ್ರ ಇಬ್ಬರದ್ದೂ. ನಾನು ಹೋದಾಗ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು.

“ಅಕ್ಕುತಾಯಿ, ಮನಿ ಬಿಡ್ರಿ ಅಂತ ರಿಕ್ಷಾದಾಗ ಮೈಕ್ ಹಚ್ಚಿ ಒದರಾಕತ್ತಾರ, ಕೇಳಸ್ಲಿಲ್ಲೇನು?”

“ಅವ್ರು ದಿನಾ ಒದರ್ತಾರ್ರಿ. ಅಲ್ಲಿ ನೋಡ್ರಿ, ನೀರ ಇನ್ನಾ ಪಾದಕ್ಕ ಸೈತ ಹತ್ತಿಲ್ಲ.”

“ಯವ್ವಾ, ಕಲ್ಲ ಮ್ಯಾಲ ಎತ್ತಿ ಇಟ್ಟಾರಲ್ಲ!”

“ಎತ್ತಿಟ್ಟಾರ, ಖರೆ. ಎಂಟ ದಿನಾ ದುರ್ಬೀನ ಇಟ್ಟ ಅಳತಿ ಮಾಡಿಲ್ಲೇನ್ರಿ? ನೀರ ಎಲ್ಲೀತನಕ ಬರತೈತಿ ಅನ್ನೂದ ಗೊತ್ತಿರದಽ ಇಟ್ಟಾರೇನು? ಮುನಿ ಜಾಗಾ ಬದ್ಲಿಸ್ಯಾನ್ರಿ, ಮಾತ ಬದ್ಲಿಸ್ಯಾನೇನು?”

ಕೇಳಿದಿರಾ? ತಮ್ಮ ಅಳತೆಯ ಮೇಲೆ ಇಷ್ಟು ವಿಶ್ವಾಸವಿಟ್ಟ ಇನ್ನೊಬ್ಬ ಪ್ರಜೆಯನ್ನು ಈ ರಾಜ್ಯದಲ್ಲಿ ಹುಡುಕಿ ತೋರಿಸುವಿರಾ? ಆ ಹೊಸ ಕಟ್ಟೆಯ ಮೇಲೆ ಪಾದ ನೆನೆಯುವ ಹೊತ್ತಿಗೆ ಆಕೆಯ ಮನೆಯೊಳಗೆ ನೀರು ಸೊಂಟಮಟ್ಟ ಇರುತ್ತದೆ ಎಂದು ಅಳೆದವರಲ್ಲಿ ಒಬ್ಬರಿಗಾದರೂ ಹೊಳೆಯಿತೇ? ಹೊಳೆಯುವುದಾದರೂ ಹೇಗೆ, ಹೇಳಬೇಕಾದವಳು ನಾನೇ ಹೇಳಿರಲಿಲ್ಲವಲ್ಲ.

ನಾವು ವಾದ ಮಾಡುತ್ತಿರುವಾಗಲೇ ಹಿಂದೆ ಹಳ್ಳ ತುಂಬಿತು. ಹೊಲದಿಂದ ಓಡಿಬಂದ ಆಕೆಯ ಮಗ ಸಂಭಾಜಿ, ಸಪನಾಳ ಅಪ್ಪ, ಬೈಯುತ್ತಿದ್ದ ತಾಯಿಯನ್ನು ಎತ್ತಿಕೊಂಡು, ಓಣಿಯಲ್ಲಿದ್ದವರನ್ನೆಲ್ಲ ಟ್ರ್ಯಾಕ್ಟರಿನ ಟ್ರೇಲರಿಗೆ ಹತ್ತಿಸಿ ಹಳ್ಳ ದಾಟಿಸಿದ. ಆ ಟ್ರೇಲರಿನಲ್ಲಿ ನಾನೂ ಇದ್ದೆ. ಈಚೆಗೆ ಬಂದ ಮೇಲೆ ಅವನಿಗೆ ನೆನಪಾಯಿತು: “ದನಾ ಬಿಚ್ಚಿಲ್ಲಲೇ!” ಕಲ್ಲು ಹಳೆಯ ಜಾಗದಲ್ಲಿದ್ದಿದ್ದರೆ ಅವನ ಎರಡು ಎಮ್ಮೆಗಳು ಎಷ್ಟೋ ತಾಸು ಮೊದಲೇ ಮೇಲಿನ ಊರಿನಲ್ಲಿ ಮೇವು ತಿನ್ನುತ್ತಿದ್ದವು. ಅವನು ಹಳ್ಳಕ್ಕೆ ಇಳಿದ. ನಾವೆಲ್ಲ ಕೂಗಿದೆವು. ಮೂರನೆಯ ದಿನ ಕಬ್ಬಿನ ಗದ್ದೆಯಲ್ಲಿ ಸಿಕ್ಕ. ತಮ್ಮ ಸೋದರ ಇಲಾಖೆಯ ವರದಿಯಲ್ಲಿ ಕಾರಣ ಬರೆದಿದ್ದಾರೆ: ‘ಮೃತನ ಸ್ವಯಂ ನಿರ್ಲಕ್ಷ್ಯ.’

ಆ ದಿನ ಯಾರೋ ಸೇತುವೆಯ ಮೇಲಿನಿಂದ ಒಂದು ಚಿತ್ರ ತೆಗೆದರು. ಸುತ್ತ ನೀರು, ನಡುವೆ ಮುನಿ. ತಮ್ಮ ಕೈಪಿಡಿಯ ಹೊಸ ಮುದ್ರಣದಲ್ಲಿ ಪುಟ ನಲವತ್ತೊಂದಕ್ಕೆ ಅದೇ ಬಂದಿದೆ. ಅಭಿರುಚಿಗೆ ಶರಣು. ಚಿತ್ರವನ್ನೊಮ್ಮೆ ನಿಗಾ ಇಟ್ಟು ನೋಡಿ. ನೀರು ಆ ಹೆಣ್ಣುಮಗಳ ಪಾದಕ್ಕಿಂತ ಒಂದು ಗೇಣು ಕೆಳಗಿದೆ. ಎಡಮೂಲೆಯಲ್ಲಿ ನೀರಿನ ನಡುವೆ ಕಾಣುವ ತಗಡಿನ ಛಾವಣಿ ಸಂಭಾಜಿಯ ಮನೆಯದು.

ಈಗ ತಮ್ಮ ಉತ್ತರಕ್ಕೆ ಬರೋಣ. ‘ಸ್ಮಾರಕವನ್ನು ಮೂಲ ಮಟ್ಟಕ್ಕೆ ಇಳಿಸಿದಲ್ಲಿ ಪ್ರವಾಹದಿಂದ ಸ್ಮಾರಕಕ್ಕೆ ಧಕ್ಕೆಯಾಗುವ ಸಂಭವವಿರುವುದರಿಂದ ಕೋರಿಕೆಯನ್ನು ಪರಿಗಣಿಸಲಾಗದು.’ ಶತಮಾನಗಳಿಂದ ಪ್ರವಾಹ ಕಂಡ ಕಲ್ಲಿಗೆ ಈಗ ಧಕ್ಕೆಯಂತೆ! ಬೇರೊಂದು ಅಳತೆಯ ಕಂಬ ನೆಡಬಹುದಲ್ಲ ಎಂದೂ ತಾವು ಹೇಳಬಹುದು. ಕಂಬ ಇದೆ, ಅದರ ಮೇಲೆ ಮೀಟರಿನ ಅಂಕಿಗಳಿವೆ. ಆದರೆ ಬಾಗಿಲಿಗೆ ಬಂದರೆ ಎದುರಿಗೆ ಮುನಿ ಕಾಣುತ್ತಾನೆ. ಅಜ್ಜಿ, ಮುತ್ತಜ್ಜಿ ನೋಡಿದ ಕಡೆಗೇ ಕಣ್ಣು ಹೋಗುತ್ತದೆ, ಮತ್ತು ಅವನು ಇನ್ನೂ ಹೊತ್ತಿದೆ ಎನ್ನುತ್ತಾನೆ. ಕಲ್ಲೇ ಇಲ್ಲದಿದ್ದರೂ ಜನ ಹೆದರಿ ಏಳುತ್ತಿದ್ದರು. ಈಗ ಧೈರ್ಯದಿಂದ ಕೂತಿದ್ದಾರೆ, ನನಗೆ ಭಯ ಇರುವುದು ಅದರದ್ದೇ.

ಸಂಭಾಜಿ ಹೋಗಿ ಒಂಬತ್ತು ತಿಂಗಳು. ಅಕ್ಕುತಾಯಿ ಮತ್ತೆ ಅದೇ ಮನೆಯಲ್ಲಿ, ಅದೇ ಕಟ್ಟೆಯ ಮೇಲೆ ಕೂರುತ್ತಾಳೆ. ಇಷ್ಟು ದಿನ ಬಂದವರಿಗೆಲ್ಲ ಹೇಳುತ್ತಿದ್ದದ್ದು ಒಂದೇ: “ಮುನಿ ಸುಳ್ಳ ಹೇಳಿಲ್ರಿ. ನನ್ನ ಮಗನಽ ಗಡಬಡಿ ಮಾಡ್ದ.” ಸತ್ತ ಮಗನ ಮೇಲೆ ತಪ್ಪು ಹೊರಿಸಿ ಕೂತವಳ ಎದುರು, ಆ ಎಂಟು ಪುಟ ಬರೆದವಳು ನಾನು ಎಂದು ಹೇಳುವ ಧೈರ್ಯ ನನಗೆ ಬಂದಿರಲಿಲ್ಲ. ನಿನ್ನೆ ಈ ಪತ್ರವನ್ನು, ಇಲ್ಲಿಯವರೆಗೆ ಬರೆದದ್ದನ್ನು, ಅವಳಿಗೂ ಸಪನಾಳಿಗೂ ಓದಿ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಸಪನಾ ಎದ್ದು ಒಳಗೆ ಹೋದಳು. ಅಕ್ಕುತಾಯಿ ಕಲ್ಲಿನ ಕಡೆ ನೋಡಿದಳು. ಆಮೇಲೆ ಕೇಳಿದಳು:

“ಹಂಗಾರ ಈ ಸಲ ನೀರ ಬಂದ್ರ ಯಾರ ಕಡೆ ನೋಡೂದ್ರಿ, ಅಕ್ಕೋರ?”

ಆ ಪ್ರಶ್ನೆಯನ್ನು ತಮಗೆ ಕಳಿಸುತ್ತಿದ್ದೇನೆ.

ಕಲ್ಲನ್ನು ಮಿರಗಕ್ಕೆ ಮೊದಲು ಹಳೆಯ ಮಟ್ಟಕ್ಕೆ ಇಳಿಸಿ. ಎಷ್ಟು ಆಳಕ್ಕೆ ನೆಡಬೇಕೆಂದು ದುರ್ಬೀನು ಬೇಡ. ಮಣ್ಣೊಳಗೆ ಒಂದು ಮೊಳ ನಾಲ್ಕು ಬೆರಳು, ಅಕ್ಕುತಾಯಿ ತೋರಿಸುತ್ತಾಳೆ. ನದಿ ಅದನ್ನು ತಿನ್ನಲಿ ಬಿಡಿ. ಆಗುವುದಿಲ್ಲವೆಂದರೆ ಆಗಸ್ಟಿನಲ್ಲಿ ತಾವೇ ಬಂದು ಆ ಮನೆಯ ಕಟ್ಟೆಯ ಮೇಲೆ ಆಕೆಯ ಪಕ್ಕ ಕೂತು, ಯಾವಾಗ ಏಳಬೇಕೆಂದು ಹೇಳಿ. ಹೇಗೂ ಭೇಟಿಗೆ ವರ್ಷವಿಡೀ ಸೂಕ್ತ ಕಾಲವೆಂದು ಬರೆದಿದ್ದೀರಿ.

ಇಂತಿ,
ತಮಗೆ ಎಂಟು ಪುಟ ಬರೆದು, ಬರೆಯಬೇಕಾಗಿದ್ದ ಒಂದು ಸಾಲನ್ನು ಬಿಟ್ಟವಳು,
ಚಂದ್ರಮತಿ
ನಿವೃತ್ತ ಶಿಕ್ಷಕಿ, ಮೇಲಿನ ಓಣಿ