ಉಜ್ಜಿ ಅಳಿಸಿದ ನಂಬರು

ಬೋರ್ಡುಗೇರಿ, ಗುಳೇದಗುಡ್ಡ
ಜರಿಬರದ ಅರವತ್ತೆರಡನೇ ವರ್ಷ, ಕಾರಹುಣ್ಣಿಮೆ
(ನಿಮ್ಮ ಲೆಕ್ಕಕ್ಕೆ 2131)

ಹಿಂದಿನವರಿಗೆ,

ಬರೆಯುವುದು ನನ್ನ ಕೆಲಸವಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಮೊಮ್ಮಗಳು ಸುಗಂಧಿ ಹಟ ಹಿಡಿದು ಕೂರಿಸಿದ್ದಾಳೆ. ಮೇಲೆ, "ಆಯಿ, ಬೈಗುಳ ಕಮ್ಮಿ ಇರ್ಲಿ" ಅಂತ ಉಪದೇಶ ಬೇರೆ. ಇದು ನಿಮಗೆ ಹೇಗೆ ತಲುಪುತ್ತದೋ ಅವಳಿಗೇ ಗೊತ್ತು. ನಮ್ಮ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಕ್ಷಮಿಸದಿದ್ದರೂ ಪೂರ್ತಿ ಓದಿ.

ನೀವು ಚಿಪ್ ಅನ್ನುವುದನ್ನು ನಾವು ಜರಿ ಅನ್ನುತ್ತೇವೆ, ಗೋಡೆ ಸಂದಿಯ ಹುಳುವಿನ ಹೆಸರೇ. ಕರಿ ಮೈ, ಎರಡೂ ಮಗ್ಗುಲಿಗೆ ಸಾಲು ಕಾಲು, ಬೇರೆ ಏನನ್ನಬೇಕು? ಹೊಸ ಜರಿ ಬರುವುದು ನಿಂತ ವರ್ಷವೇ ನನ್ನ ಶಾಲೆಯೂ ನಿಂತಿತು. ಅಂದಿನಿಂದ ನೀವು ಎಸೆದ ಬೋರ್ಡುಗಳನ್ನು ತಿಪ್ಪೆಯಿಂದ ಅಗೆದು, ಕೆಂಡದ ಮೇಲೆ ಹಿಡಿದು, ಬೆಸುಗೆ ಕರಗಿದೊಡನೆ ಜರಿ ಉದುರಿಸಿಕೊಳ್ಳುವುದೇ ನಮ್ಮ ಓಣಿಯ ಕಸುಬು. ಉದುರಿದ್ದನ್ನು ಥಂಡಿ ಹಿಡಿಯಬಾರದೆಂದು ಒಣಜೋಳದ ಡಬ್ಬಿಯಲ್ಲಿ ಹೂತಿಡುತ್ತೇವೆ. ಹೋದ ವರ್ಷ ಸಂತೆಯಲ್ಲಿ ಒಂದು ಎಮ್ಮೆ ಕೊಟ್ಟರೆ ಒಂದು ಜರಿ ಸಿಗುತ್ತಿತ್ತು. ಈ ವರ್ಷ ಎಮ್ಮೆಯ ಜೊತೆ ಕರುವನ್ನೂ ಹೊಡೆದುಕೊಂಡು ಹೋದರೆ, ಕಾಲು ಮುರಿದದ್ದೊಂದನ್ನು ಕೈಗಿಟ್ಟು ಕಳಿಸುತ್ತಾರೆ.

ನನ್ನ ತಂಗಿ ಪಾರವ್ವ ನಲವತ್ತು ವರ್ಷ ಆ ಕೆಂಡದ ಹೊಗೆ ಕುಡಿದಳು. ಈಗ ಅವಳ ಜೀವ ಉಸಿರುಪೆಟ್ಟಿಗೆಯಲ್ಲಿದೆ. ಗಾಳಿಯಿಂದ ಆಮ್ಲಜನಕ ಸೋಸಿ ಮೂಗಿಗೆ ಕೊಡುವ ಯಂತ್ರ ಅದು, ನಿಮ್ಮ ಕಾಲದ್ದೇ. ಅದರೊಳಗಿನ ದೊಡ್ಡ ಜರಿ ಸಾಯುತ್ತಿದೆ. ದಿನವಿಡೀ ನಡೆಯುತ್ತಿದ್ದ ಪೆಟ್ಟಿಗೆ ಈಗ ಗಳಿಗೆಗೊಮ್ಮೆ ನಿಲ್ಲುತ್ತದೆ. ನಿಂತಾಗ ಅವಳ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ನನ್ನ ಡಬ್ಬಿಯಲ್ಲಿ ಮುನ್ನೂರು ಜರಿಗಳಿವೆ, ಮೈಮೇಲೆ ನಂಬರೂ ಇದೆ. ಬೇಕಾದದ್ದು ಅವುಗಳಲ್ಲೇ ಇರಬಹುದು. ಆದರೆ ತಪ್ಪು ಜರಿ ಕೂರಿಸಿದರೆ ಪೆಟ್ಟಿಗೆಯೇ ಸುಟ್ಟುಹೋಗುತ್ತದೆ. ಪೆಟ್ಟಿಗೆಯ ಜರಿಯ ಮೇಲೆ ನಂಬರಿಲ್ಲ. ಉಜ್ಜಿ ಅಳಿಸಿದೆ.

ಬೇರೆಯವರು ನಕಲು ಮಾಡಬಾರದೆಂದು ನಂಬರು ಉಜ್ಜುವ ಚಾಳಿ ನಿಮ್ಮದು. ನಿಮ್ಮ ಎಷ್ಟೋ ಬೋರ್ಡುಗಳಲ್ಲಿ ಅದನ್ನು ನೋಡಿ ಹಲ್ಲು ಕಡಿದಿದ್ದೇನೆ. ಆದರೆ ಈ ಜರಿಯದ್ದು ನೀವು ಉಜ್ಜಿದ್ದಲ್ಲ. ಇಪ್ಪತ್ತು ವರ್ಷದ ಹಿಂದೆ ಈ ಪೆಟ್ಟಿಗೆ ರಿಪೇರಿಗೆ ಬಂದಾಗ, ಆಚೆ ಓಣಿಯವರಿಗೆ ಗುಟ್ಟು ತಿಳಿಯಬಾರದೆಂದು ನಾನೇ ಉಪ್ಪುಕಾಗದದಿಂದ ತಿಕ್ಕಿದೆ. ಬರೆದಿಟ್ಟುಕೊಳ್ಳಲಿಲ್ಲ. ನೆನಪಿರುತ್ತದೆ ಅನ್ನುವ ಸೊಕ್ಕು. ಆಚೆ ಓಣಿಯಲ್ಲಿ ಇಂಥದೇ ಇನ್ನೊಂದು ಪೆಟ್ಟಿಗೆಯಿದೆ. ಅದರ ನಂಬರನ್ನು ಅವರು ಉಜ್ಜಿದ್ದಾರೆ.

ಇದನ್ನೂ, ನಿಮಗೆ ಪತ್ರ ಬರೆಯಲು ಕೂತದ್ದನ್ನೂ ಪಾರವ್ವನಿಗೆ ಹೇಳಿದೆ. ನಕ್ಕಳು, ಆಮೇಲೆ ಬಹಳ ಹೊತ್ತು ಕೆಮ್ಮಿದಳು. "ಅಕ್ಕಾ, ಸತ್ತವರಿಗೆ ಪತ್ರಾ ಬರ್ಯಾಕತ್ತೀಯಲ್ಲ, ನಾ ಇನ್ನೂ ಅದೀನಿ. ನನ್ನ ಕೂಡ ನಾಕು ಮಾತಾಡು" ಅಂದಳು.

ಆ ಪೆಟ್ಟಿಗೆ ನಿಮ್ಮಲ್ಲಿ ಇನ್ನೂ ಹೊಸದು. ನೀಲಿ ಮುಚ್ಚಳ, ತಳದಲ್ಲಿ ಎಸ್‌ವಿ 17 ಎಂಬ ಅಚ್ಚು. ಮುಚ್ಚಳ ಬಿಚ್ಚಿ, ನಡುವಿನ ದೊಡ್ಡ ಜರಿಯ ನಂಬರು ಓದಿ, ತಾಮ್ರದ ತಗಡಿನ ಮೇಲೆ ಕೊರೆದು, ನಮ್ಮೂರ ಮೆಟ್ಟಿಲುಬಾವಿಯ ಮೂರನೇ ಮೆಟ್ಟಿಲ ಕೆಳಗೆ ಹೂಳಿ. ನಿನ್ನೆ ಅಗೆದು ನೋಡಿದೆ, ಬರೀ ಮಣ್ಣು. ಪತ್ರವನ್ನೇ ಇನ್ನೂ ಬರೆದಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡೆ. ನಾಗರ ಪಂಚಮಿಯ ದಿನ ಮತ್ತೆ ಅಗೆಯುತ್ತೇನೆ. ಅಷ್ಟರೊಳಗೆ ನಂಬರು ಅಲ್ಲಿರಬೇಕು.

ದ್ಯಾಮವ್ವ ಕಂಚಗಾರ